ಹಿಚ್ ಹಗ್ಗ: ತಿರುಳು ನೋಡಿ ಕೊಳ್ಳಬೇಕೋ, ಹೊದಿಕೆ ನೋಡಿಯೋ? ಬಳಸಿದವರು ಹೇಳಿ

ಹಿರಿಯಡ್ಕದವ: ಮಳೆಗಾಲಕ್ಕೆ ಮುಂಚೆ ಮನೆಗಳ ಮೇಲೆ ಬಾಗಿದ ಗೆಲ್ಲು ಕಡಿಯುವುದು ನನ್ನ ಕೆಲಸ. ಹತ್ತುವ 12 ಮಿ.ಮೀ. ಹಗ್ಗಕ್ಕೆ ಸುತ್ತಿ ಗಂಟು ಹಾಕಿ, ಭಾರ ಬಿದ್ದಾಗ ಕಚ್ಚಿ ಹಿಡಿಯುವ 8 ಮಿ.ಮೀ. ನೈಲಾನ್ ಹಿಚ್ ಹಗ್ಗ ಇತ್ತು. ಈಗ ಅದು ಹೊಳಪು ಬಂದು ಗಟ್ಟಿಯಾಗಿದೆ. ಸಿಗುತ್ತಿರುವುದು ಎರಡು. ಎರಡಕ್ಕೂ ಅರಾಮಿಡ್ (ಬಿಸಿ ತಡೆಯುವ ಕೆವ್ಲಾರ್ ಜಾತಿಯ ಎಳೆ) ಹೊದಿಕೆ. ಒಂದರ ತಿರುಳು ಪಾಲಿಯೆಸ್ಟರ್, ಇನ್ನೊಂದರದು ಡೈನೀಮಾ (ತುಂಬಾ ಬಲದ ಪಾಲಿಎಥಿಲೀನ್ ಎಳೆ). ನನ್ನ ತೂಕ 82 ಕಿಲೋ. ಯಾವುದು ಬಲ?

ಮೂಡುಬಿದಿರೆ: ಹೊದಿಕೆಯೇ ಪ್ರಾಣ ಮಾರಾಯರೇ. ಎರಡು ವರ್ಷದ ಹಿಂದೆ ಹಲಸಿನ ಮರದಿಂದ 40 ಅಡಿ ಒಂದೇ ಉಸಿರಿಗೆ ಇಳಿದೆ, ನೈಲಾನ್ ಹಿಚ್‌ನಲ್ಲಿ. ಕೆಳಗೆ ನಿಂತು ಗಂಟು ಬಿಚ್ಚಲು ಹೋದರೆ ಸುತ್ತುಗಳು ಒಂದಕ್ಕೊಂದು ಅಂಟಿದ್ದವು. ಉಗುರು ಹಾಕಿ ಬಿಡಿಸಿದಾಗ ಚಿಟಿಚಿಟಿ ಸದ್ದು, ಸುಟ್ಟ ಬಾಚಣಿಗೆಯ ವಾಸನೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ಅರಾಮಿಡ್ ಹೊದಿಕೆಯದನ್ನು ತರಿಸಿದೆ. ಹಗ್ಗಕ್ಕೆ 3,400, ಸಾಗಣೆಗೆ 1,250, ಸುಂಕ 870, ಬ್ಯಾಂಕಿನವರದು 140. ಒಟ್ಟು 5,660 ರೂಪಾಯಿ. ಬರಲು 19 ದಿನ. ಅಷ್ಟರಲ್ಲಿ ಎರಡು ಮನೆಯ ಕೆಲಸ ಕೈತಪ್ಪಿತು, ಅದು 9,000. ಆದರೂ ಬೇಸರವಿಲ್ಲ. ನೈಲಾನಿನ ಹಾಗೆ ಪಾಲಿಯೆಸ್ಟರೂ ಕರಗುತ್ತದೆ, 255 ಡಿಗ್ರಿಯ ಆಸುಪಾಸಿನಲ್ಲಿ; ಅರಾಮಿಡ್ ಕರಗುವುದೇ ಇಲ್ಲ. 500 ಡಿಗ್ರಿ ಹತ್ತಿರ ಬಂದರೆ ಕರಕಲಾಗುತ್ತದೆ ಅಷ್ಟೆ.

ಕಾರ್ಕಳ: ಹೊದಿಕೆಯನ್ನು ನಂಬಿ ಕೆಟ್ಟವನು ನಾನು. ಲೇಬಲ್ಲಿನಲ್ಲಿ ಬಲದ ಸಂಖ್ಯೆ ನೋಡಿ ಡೈನೀಮಾ ತಿರುಳಿನದನ್ನೇ ಕೊಂಡೆ, 4,300 ರೂಪಾಯಿ. ಡೈನೀಮಾ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ಗಂಟಿನಲ್ಲಿ ಕಚ್ಚಿಕೊಳ್ಳುವುದಿಲ್ಲ. ಬೆಳಿಗ್ಗೆ ಗಂಟಿನಾಚೆ ನಾಲ್ಕು ಬೆರಳು ತುದಿ ಬಿಟ್ಟಿದ್ದೆ. ಮಧ್ಯಾಹ್ನ ಊಟಕ್ಕೆ ಇಳಿದಾಗ ಎರಡೇ ಬೆರಳು ಉಳಿದಿತ್ತು. ಹೊದಿಕೆ ಒಂದು ಕಡೆಗೆ ಸರಿದು ಹಾವಿನ ಪೊರೆಯಂತೆ ಸುಕ್ಕಾಗಿತ್ತು, ತುದಿ ಹಿಸುಕಿದರೆ ಟೊಳ್ಳು. ಡೈನೀಮಾ 150 ಡಿಗ್ರಿಯೊಳಗೇ ಕರಗುತ್ತದೆ, ಅದೂ ಇರಲಿ. ತುದಿ ಹೊಲಿದು ಬರುವುದನ್ನು ತೆಗೆದುಕೊಳ್ಳಬೇಕಿತ್ತಂತೆ, ಅದಕ್ಕೆ ಇನ್ನೂ 1,100. ಮಾರಿದವನು ಒಂದು ಮಾತು ಹೇಳಲಿಲ್ಲ.

ಸುರತ್ಕಲ್: ಇಬ್ಬರೂ ಅರ್ಧ ಹೇಳಿದ್ದೀರಿ. ಅರಾಮಿಡ್ ಸುಮಾರು ಶೇ 4 ಹಿಗ್ಗಿದಾಗ ಹರಿಯುತ್ತದೆ, ಪಾಲಿಯೆಸ್ಟರ್ ಶೇ 12 ದಾಟಿದ ಮೇಲೆ. ಭಾರವನ್ನು ಮೊದಲು ಹೊರುವುದು ಕಡಿಮೆ ಹಿಗ್ಗುವಂಥದ್ದು; ಅದು ಹರಿದ ಮೇಲೆ ಉಳಿದದ್ದರ ಮೇಲೆ ಪೂರ್ತಿ ಭಾರ. ಆದುದರಿಂದ ಎರಡರ ಬಲವನ್ನು ಕೂಡಿಸಿ ಲೆಕ್ಕ ಹಾಕಲು ಬರುವುದಿಲ್ಲ. ಹೊದಿಕೆಯ ಹೆಣಿಗೆ ಎಷ್ಟು ಓರೆಯಾಗಿದೆ ಎಂಬುದರ ಮೇಲೂ ಇದು ನಿಂತಿದೆ. ನನ್ನದು ತಿರುಳೂ ಅರಾಮಿಡ್ ಆಗಿತ್ತು. 14 ತಿಂಗಳ ಬಳಿಕ ಕತ್ತರಿಸಿ ನೋಡಿದೆ. ಹೊರಗೆ ಹೊಸದರಂತೆ ಇತ್ತು. ಒಳಗೆ, ಸದಾ ಬಾಗುವ ಜಾಗದಲ್ಲಿ, ಎಳೆಗಳು ತೆಂಗಿನ ನಾರಿನ ಪುಡಿಯಂತೆ ಅಂಗೈಗೆ ಉದುರಿದವು. ಅರಾಮಿಡ್ಡಿಗೆ ಬಾಗುವುದೂ ಆಗದು, ಬಿಸಿಲೂ ಆಗದು.

ಮೂಡುಬಿದಿರೆ: ನನ್ನದು ಪಾಲಿಯೆಸ್ಟರ್ ತಿರುಳು, ಸರಿಯಾಗಿ ಓದಿ. ಮೇಜಿನ ಮುಂದೆ ಕುಳಿತು ಶೇಕಡಾ ಲೆಕ್ಕ ಹೇಳುವುದು ಸುಲಭ.

ಸುರತ್ಕಲ್: ನಾನು ಹನ್ನೊಂದು ವರ್ಷದಿಂದ ಮರ ಹತ್ತುತ್ತಿದ್ದೇನೆ. ಗೋಳಿಮರದಲ್ಲಿ ಕೆಂಜಿರುವೆ ಕಚ್ಚಿಸಿಕೊಂಡು ಕಲಿತದ್ದು ಇದು. ಮಾತು ಹಿಂತೆಗೆದುಕೊಳ್ಳಿ.

ಬಂಟ್ವಾಳ: ಬಲದ ಬಗ್ಗೆ ಇಷ್ಟೇಕೆ ಜಗಳ? ಐರೋಪ್ಯ ಮಾನದಂಡದಲ್ಲಿ 8 ಮಿ.ಮೀ. ಸಾದಾ ಹಗ್ಗಕ್ಕೇ 12.8 ಕಿಲೋನ್ಯೂಟನ್ ಬೇಕು, ಹತ್ತಿರ ಹತ್ತಿರ 1,300 ಕಿಲೋ ಭಾರ. ಗೆಲ್ಲಿನ ಮೇಲಿಂದ ಹಗ್ಗ ಓಡುವ ಹಾಗೆ ಹತ್ತಿದರೆ ಹಿಚ್ ಮೇಲೆ ನಿಮ್ಮ ತೂಕದ ಅರ್ಧವೇ. ಹಿಡಿತ ಮತ್ತು ಬಿಸಿ, ಇವೆರಡೇ ಲೆಕ್ಕ. ನಮ್ಮ ಅಡಿಕೆ ತೋಟದಲ್ಲಿ ಮದ್ದು ಬಿಡುವವರು ಯಾವ ಅರಾಮಿಡ್ ಕಂಡಿದ್ದಾರೆ? ಹಗ್ಗಕ್ಕೆ 5,660 ಕೊಟ್ಟು ಆಮೇಲೆ ಒಂದು ಹಲಸಿಗೆ 4,500 ಕೇಳಿದರೆ ಮನೆಯವರು ಎಲ್ಲಿಗೆ ಹೋಗಬೇಕು?

ಕಾರ್ಕಳ: ಮೇಲೆ ಕಟ್ಟಿ, ಓಡದೆ ನಿಂತ ಹಗ್ಗದಲ್ಲಿ ಹತ್ತುವವರಿಗೆ ಪೂರ್ತಿ ತೂಕ ಹಿಚ್ ಮೇಲೆಯೇ. ಅದನ್ನು ಬಿಟ್ಟು ಹೇಳಬೇಡಿ. 1,300 ಕಿಲೋ ಎಂಬುದು ಗಂಟು ಹಾಕದ ಹೊಸ ಹಗ್ಗದ ಲೆಕ್ಕ. ಗಂಟು ಬಿದ್ದ ಕೂಡಲೇ ಬಲ ಕಡಿಮೆಯಾಗುತ್ತದೆ, ನೈಲಾನ್ ನೆನೆದರೆ ಇನ್ನಷ್ಟು. ಕೂಲಿಯ ಮಾತಿಗೆ ಬಂದರೆ, 4,500ರಲ್ಲಿ ಗೆಲ್ಲು ಸಾಗಿಸುವ ಟೆಂಪೋಗೆ 1,200, ಇಬ್ಬರು ಆಳಿಗೆ 1,800. ಉಳಿದದ್ದು ನನ್ನ ಪ್ರಾಣಕ್ಕೆ.

ಬಂಟ್ವಾಳ: ನಾನು ಪ್ರಾಣದ ಬೆಲೆ ಕೇಳಲಿಲ್ಲ. ಹೋದ ಮೇ ತಿಂಗಳಲ್ಲಿ ಒಬ್ಬರು ಮುಂಗಡ ತೆಗೆದುಕೊಂಡು ಬರಲೇ ಇಲ್ಲ, ಗೆಲ್ಲು ಹಂಚಿನ ಮೇಲೆ ಬಿತ್ತು. 62 ಹಂಚು.

ಹಿರಿಯಡ್ಕದವ: ನನ್ನದು ನಿಂತ ಹಗ್ಗ. ಹಾಗಾದರೆ ಪಾಲಿಯೆಸ್ಟರ್ ತಿರುಳೋ?

ಸುರತ್ಕಲ್: ಹೌದು, ತುದಿ ಹೊಲಿದದ್ದು. ಹಳೆಯದನ್ನು ಬಿಸಾಡಬೇಡಿ, ಉದ್ದಕ್ಕೆ ಸೀಳಿ ಒಳಗೆ ನೋಡಿ. ಮೂಡುಬಿದಿರೆಯವರೇ, ನೀವೂ ನಿಮ್ಮ ಎರಡು ವರ್ಷದ್ದನ್ನು ಸೀಳಿ ಚಿತ್ರ ಹಾಕಿ.

ಮೂಡುಬಿದಿರೆ: 5,660 ಕೊಟ್ಟ ಹಗ್ಗವನ್ನು ನಿಮ್ಮ ಮಾತಿಗೆ ಸೀಳುವುದಿಲ್ಲ.

ಸುರತ್ಕಲ್: ಹಾಗಾದರೆ ಅದರಲ್ಲಿ ಹತ್ತಬೇಡಿ.