ಸಹಾಯ ಬೇಕು: ಪೋರ್ಟ್ ಫಾರ್ವರ್ಡ್ ಮಾಡಿದರೂ ಊರಿನ ಕ್ಯಾಮೆರಾ ಸಿಗುತ್ತಿಲ್ಲ

ನಮಸ್ಕಾರ. ನಾನಿರುವುದು ಕಾರವಾರದಲ್ಲಿ. ಶಿರಸಿ ಹತ್ತಿರದ ಮನೆಯಲ್ಲಿ ಆಯಿ, ಅಪ್ಪಯ್ಯ ಇಬ್ಬರೇ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದಾರೆ, ಅದಕ್ಕೇ ಕ್ಯಾಮೆರಾ, ಅದರ ವಿಡಿಯೊ ರೆಕಾರ್ಡ್ ಮಾಡುವ ಡಿವಿಆರ್ ಹಾಕಿಸಿದೆ. ಮನೆಯ ವೈಫೈನಲ್ಲಿ ಚೆನ್ನಾಗಿ ಕಾಣುತ್ತದೆ. ಇಲ್ಲಿಂದ ತೆರೆದರೆ ಸುಮ್ನೆ ಸುತ್ತುತ್ತಲೇ ಇರುತ್ತದೆ.

ಹೋದ ವಾರ ಊರಿಗೆ ಹೋದಾಗ ಹೊರಗಿಂದ ಬರುವ ಸಂಪರ್ಕ ನೇರ ಡಿವಿಆರ್‌ಗೆ ಹೋಗಲಿ ಅಂತ, ರೌಟರ್‌ನಲ್ಲಿ ಅದರ ಐಪಿ (ನೆಟ್‌ವರ್ಕ್ ವಿಳಾಸ) 192.168.1.50ಕ್ಕೆ 8000 ಪೋರ್ಟ್ ಫಾರ್ವರ್ಡ್ ಮಾಡಿದೆ. ಆ ಐಪಿ ಬದಲಾಗದಂತೆಯೂ ಮಾಡಿದೆ. ಆಮೇಲೆ ನೋಡಿದರೆ ವ್ಯಾನ್ (WAN) ಐಪಿ, ಅಂದರೆ ಇಂಟರ್ನೆಟ್ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ, 100.72ರಿಂದ ಶುರು! ಅಂದರೆ ಸಿಜಿನ್ಯಾಟ್ (ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚುವುದು), ಅಲ್ವಾ? ಹಾಗಿದ್ದರೆ ಹೊರಗಿನ ಸಂಪರ್ಕ ನಮ್ಮ ರೌಟರ್‌ವರೆಗೆ ಬರುವುದೇ ಇಲ್ಲ, ನನ್ನ ಫಾರ್ವರ್ಡಿಂಗ್ ನಡೆಯುವುದೇ ಇಲ್ಲ.

ನಮಗೇ ಅಂತ ಬದಲಾಗದ ಪಬ್ಲಿಕ್ ಐಪಿ (ಸ್ಟ್ಯಾಟಿಕ್ ಐಪಿ) ತಗೊಳ್ಳಲು ಖರ್ಚು ಜಾಸ್ತಿ. ಐಪಿವಿ6ನಲ್ಲಿ (ಹೊಸ ಬಗೆಯ ಐಪಿ ವಿಳಾಸ), ಇಲ್ಲವೇ ಹೊರಗೊಂದು ಸರ್ವರ್ ಇಟ್ಟು ವೈರ್‌ಗಾರ್ಡ್‌ನಲ್ಲಿ (ಒಂದು ವಿಪಿಎನ್) ಯಾರಾದರೂ ಮಾಡಿಕೊಂಡಿದ್ದೀರಾ? ಅಪ್ಪಯ್ಯ ನಡುರಾತ್ರಿ ಟಾರ್ಚ್ ಹಿಡಿದು ಅಂಗಳಕ್ಕೆ ಇಳಿಯುವುದು ತಪ್ಪಬೇಕು, ಅಷ್ಟೇ.