ಗಾಜು ಊದುವವರ ಕಸುಬಿನ ಮಾತು: ಊದುಗೊಳವೆ, ಮೇಸ್ತ್ರಿ, ತಣಿಸು?

ಮುರಾನೊ ದ್ವೀಪದ ಗಾಜಿನ ಕೆಲಸಗಾರರ ನಡುವೆ ನಡೆಯುವ ಪ್ರೇಮಕಥೆಯೊಂದನ್ನು ಬರೆಯುತ್ತಿದ್ದೇನೆ. ಕಾಲ 1480ರ ದಶಕ. ವೆನಿಸ್ ಗಣರಾಜ್ಯ 1291ರಲ್ಲೇ ಗಾಜಿನ ಭಟ್ಟಿಗಳನ್ನು ಆ ದ್ವೀಪಕ್ಕೆ ಸಾಗಹಾಕಿತ್ತು. ಕಸುಬಿನ ಗುಟ್ಟು ಹೊರಬೀಳಬಾರದೆಂದು ಕೆಲಸಗಾರರು ದೇಶ ಬಿಟ್ಟು ಹೋಗುವುದನ್ನೂ ತಡೆದಿತ್ತು. ನನ್ನ ನಾಯಕ ಓಡಿಹೋಗಬೇಕೆನ್ನುವವನು, ನಾಯಕಿ ತನ್ನದೇ ಪುಟ್ಟ ಭಟ್ಟಿ ಬೇಕೆನ್ನುವವಳು. (ಇದು ಪೂರಾ ಕಲ್ಪನೆಯಲ್ಲ. ಮರಿಯೆಟ್ಟಾ ಬರೋವಿಯೆರ್ ಎಂಬಾಕೆಗೆ 1487ರಲ್ಲಿ ಅಂಥದ್ದೊಂದಕ್ಕೆ ಅನುಮತಿ ಸಿಕ್ಕಿತ್ತು.) ಕಥೆಯೇನೋ ಸಾಗುತ್ತಿದೆ, ಕಸುಬಿನ ಮಾತು ಮಾತ್ರ ಕನ್ನಡದಲ್ಲಿ ಕೂರುತ್ತಿಲ್ಲ.

ಮೊದಲು ಊದುಗೊಳವೆ. 'ಅವನು ಊದುಗೊಳವೆ ಇಳಿಸಿ ಅವಳತ್ತ ನೋಡಿದ' ಎಂದು ಬರೆದರೆ ಓದುಗರಿಗೆ ಕಾಣುವುದು ಹಸಿ ಸೌದೆಯ ಹೊಗೆ ತುಂಬಿದ ಅಡುಗೆಮನೆ. ನಮ್ಮದು ಬೆಂಕಿಗೆ ಊದುವುದು, ಅವರದು ಗಾಜಿನೊಳಕ್ಕೇ ಊದುವುದು. ಅವರು ಅದನ್ನು ಸುಮ್ಮನೆ 'ಕಾನ್ನಾ' ಎನ್ನುತ್ತಾರೆ, ನಮ್ಮ ಬೆತ್ತ, ಜೊಂಡು ಇದ್ದ ಹಾಗೆ. 'ನಳಿಗೆ' ಆಗಬಹುದೆ? ಅದರಲ್ಲಿ ಬಂದೂಕಿನ ವಾಸನೆ ಇದೆಯಲ್ಲ!

ಕೊಳವೆಯ ತುದಿಗೆ ಸುತ್ತಿ ಎತ್ತುವ ಕರಗಿದ ಗಾಜಿಗೆ ಮೊದಲು 'ಮುದ್ದೆ' ಎಂದು ಬರೆದಿದ್ದೆ. ಹಸ್ತಪ್ರತಿ ಓದಿದ ಮಂಡ್ಯದ ಗೆಳತಿ ಪಕ್ಕದಲ್ಲಿ 'ಸಾರು ಯಾವುದು?' ಎಂದು ಗೀಚಿದ್ದಳು. ಈಗ 'ಪಾಕ' ಎನ್ನುತ್ತಿದ್ದೇನೆ. ಹದ, ಎಳೆ ಎಲ್ಲವೂ ಅದರ ಜತೆಗೇ ಬರುತ್ತವೆ, ನನಗೆ ಇಷ್ಟವಾಗಿದೆ.

ನಿಜವಾದ ತೊಡಕು ಮುಂದಿನದು. ಊದಿ ಮುಗಿಸಿದ ಪಾತ್ರೆಯನ್ನು ಹಾಗೇ ಗಾಳಿಗೆ ಬಿಟ್ಟರೆ ಹೊರಮೈ ಬೇಗ ಆರಿ ಒಳಗಿನದು ಹಿಂದುಳಿಯುತ್ತದೆ, ಆ ಎಳೆತಕ್ಕೆ ಸೀಳಿಬಿಡುತ್ತದೆ. ಅದಕ್ಕೇ ಬಿಸಿ ಕಡಿಮೆಯಿರುವ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಆರಲು ಬಿಡುತ್ತಾರೆ. ಇದಕ್ಕೆ 'ಹದ ಹಾಕು' ಎನ್ನುವಂತಿಲ್ಲ. ಕಮ್ಮಾರರ ಹದವೆಂದರೆ ಕಾದ ಕಬ್ಬಿಣವನ್ನು ನೀರಿಗೆ ಅದ್ದುವುದು, ಪೂರಾ ಉಲ್ಟಾ. 'ಆರಿಸು' ಎಂದರೆ ದೀಪ, ಬಟ್ಟೆ, ಚುನಾವಣೆ ಎಲ್ಲ ನುಗ್ಗುತ್ತವೆ. 'ತಣಿಸು' ನನ್ನ ಆಯ್ಕೆ. ಆದರೆ ಪ್ರೇಮಕಥೆಯಲ್ಲಿ ಆ ಪದದ ಇನ್ನೊಂದು ಅರ್ಥ ಕರೆಯದೆಯೂ ಬಂದು ಕೂರುತ್ತದೆ. ಒಂದು ಕಡೆ ಚೆಂದ, ಪ್ರತಿ ಪುಟದಲ್ಲೂ ಆದರೆ ನಗೆಪಾಟಲು.

ಭಟ್ಟಿಯ ಯಜಮಾನನನ್ನು ಅಲ್ಲಿ 'ಮಾಯೆಸ್ತ್ರೊ' ಎಂದು ಕರೆಯುತ್ತಾರೆ. ಪೋರ್ಚುಗೀಸರ 'ಮೆಸ್ತ್ರೆ'ಯಿಂದ ನಮಗೆ ಬಂದ 'ಮೇಸ್ತ್ರಿ'ಗೂ ಅದಕ್ಕೂ ಲ್ಯಾಟಿನ್ ಮೂಲ ಒಂದೇ. ನ್ಯಾಯವಾಗಿ ಅದೇ ಸರಿಯಾದ ಪದ. ಮೇಸ್ತ್ರಿ ಎಂದೊಡನೆ ಸಿಮೆಂಟು, ಕರಣೆ ಕಣ್ಣಿಗೆ ಬರುತ್ತವೆ ಎಂಬ ಆಕ್ಷೇಪಕ್ಕೆ ನಾನು ಸೊಪ್ಪು ಹಾಕುವುದಿಲ್ಲ, ಎರಡನೇ ಅಧ್ಯಾಯದ ಹೊತ್ತಿಗೆ ಕಿವಿ ಒಗ್ಗುತ್ತದೆ. 'ಗಾಜುಗಾರ'ದ ಬಗ್ಗೆ ಅಷ್ಟು ಧೈರ್ಯವಿಲ್ಲ. 'ಗಾರ' ಸೇರಿದ ಕೂಡಲೇ ಜಾತಿಯ ನೆರಳು ಬೀಳುತ್ತದೆ. ಮುರಾನೊದಲ್ಲಿ ಗಾಜಿನವರ ಮಗಳು ಶ್ರೀಮಂತ ಕುಲದವನನ್ನು ಮದುವೆಯಾದರೂ ಮಕ್ಕಳ ಕುಲೀನತೆಗೆ ಕುಂದಿರಲಿಲ್ಲ. ನನ್ನ ಕಥೆಯ ಅರ್ಧ ಜಗಳ ನಿಂತಿರುವುದೇ ಅದರ ಮೇಲೆ.

ಕನ್ನಡದಲ್ಲಿ ಬಳೆಗಾರ ಎಂದರೆ ಮಾರುವವನು, ತವರಿನ ಸುದ್ದಿ ತರುವವನು. ಮಾಡುವವನು ಯಾರು? ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆಗಳ ಭಟ್ಟಿಗಳಿದ್ದವು, ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಅವುಗಳ ಬಗ್ಗೆ ಬರೆದಿದ್ದಾನೆ. ಬಳೆ ಊದುವ ಕೆಲಸವಲ್ಲ, ಕಂಬಿಯಿಂದ ಎತ್ತಿ ತಿರುಗಿಸುತ್ತ ಹಿಗ್ಗಿಸುವ ಕೆಲಸ. ಹಾಗಾಗಿ ಕೊಳವೆಗೆ ಅಲ್ಲಿ ಪದ ಸಿಗಲಾರದು. ಭಟ್ಟಿಗೆ, ಮೂಸೆಗೆ, ಪಾಕಕ್ಕೆ, ನಿಧಾನವಾಗಿ ಆರಿಸುವುದಕ್ಕೆ ಮಾತುಗಳು ಇದ್ದೇ ಇರಬೇಕು. ಆ ಸೀಮೆಯವರು ಯಾರಾದರೂ ಕೇಳಿದ್ದೀರಾ? ತಿಳಿಸುವಾಗ ಯಾವ ಊರಿನಲ್ಲಿ, ಯಾವ ಕಸುಬಿನವರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ದಯವಿಟ್ಟು ಬರೆಯಿರಿ. ನಿಘಂಟುಗಳನ್ನು ನಾನೇ ನೋಡಿಕೊಂಡಿದ್ದೇನೆ.