ಅಪ್‌ಡೇಟ್: ಫೈಲ್ ಕಾಪಿ ನಿಧಾನ ಆಗುತ್ತಿದ್ದ ಸಮಸ್ಯೆ ಸರಿಹೋಯಿತು

ಅಕ್ಕನ ಮದುವೆಯ 40 ಜಿಬಿ ವಿಡಿಯೊವನ್ನು ಲ್ಯಾಪ್‌ಟಾಪ್‌ನಿಂದ ಪಿಸಿಗೆ ವೈಫೈನಲ್ಲಿ ಕಳಿಸಿದರೆ ಸೆಕೆಂಡಿಗೆ 3 ಎಂಬಿ ದಾಟುತ್ತಿಲ್ಲ ಅಂತ ಕಳೆದ ವಾರ ಕೇಳಿದ್ದೆ. ಈಗ ಸರಿಹೋಗಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಲ್ಯಾಪ್‌ಟಾಪ್, ಪಿಸಿ ಎರಡೂ ವೈಫೈನ ನಿಧಾನದ ಬ್ಯಾಂಡ್ ಆದ 2.4 ಗಿಗಾಹರ್ಟ್ಜ್‌ನಲ್ಲೇ ಇದ್ದವು. ಫೈಲ್ ಮೊದಲು ರೂಟರ್‌ಗೆ, ಅಲ್ಲಿಂದ ಪಿಸಿಗೆ, ಒಂದೇ ಚಾನೆಲ್‌ನಲ್ಲಿ ಎರಡು ಸಲ ಹೋಗಬೇಕು. ಅಲ್ಲೇ ವೇಗ ಅರ್ಧ. ಸಾಲದ್ದಕ್ಕೆ ಬಳ್ಳಾರಿ ಕೌಲ್ ಬಜಾರ್‌ನ ನಮ್ಮ ಹಳೇ ಮನೆ, ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಇಂಟರ್ನೆಟ್ ಪ್ಲ್ಯಾನ್ ಜಾಸ್ತಿ ಮಾಡಿಸಿದ್ದರೆ ದುಡ್ಡು ಸುಮ್ನೆ ಹೋಗುತ್ತಿತ್ತು. ಮನೆಯೊಳಗಿನ ಕಾಪಿಗೂ ಅದಕ್ಕೂ ಸಂಬಂಧವೇ ಇಲ್ಲ.

ಪಿಸಿಗೆ ಕೇಬಲ್ ಹಾಕಿದೆ, ಲ್ಯಾಪ್‌ಟಾಪನ್ನು ರೂಟರ್ ಇರುವ ರೂಮಿಗೇ ತಂದು ವೇಗದ ಬ್ಯಾಂಡ್ ಆದ 5 ಗಿಗಾಹರ್ಟ್ಜ್‌ಗೆ ಬದಲಾಯಿಸಿದೆ. ವೇಗ 11 ಎಂಬಿಗೆ ಏರಿ ಅಲ್ಲೇ ನಿಂತಿತು. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಲಿಂಕ್ ಅಂದರೆ ಹೆಚ್ಚು ಕಡಿಮೆ ಇಷ್ಟೇ ಅಲ್ವಾ? ಕೇಬಲ್ ತುದಿಯ ಪ್ಲಗ್ಗನ್ನು ಟಾರ್ಚ್ ಬೆಳಕಿನಲ್ಲಿ ನೋಡಿದೆ. ಎಂಟರಲ್ಲಿ ನಾಲ್ಕೇ ತಂತಿ! ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್ ವೇಗಕ್ಕೆ, ಎಂಟೂ ಬೇಕು.

ಎಂಟೂ ತಂತಿ ಇರುವ ಹೊಸ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ತಂದು ಹಾಕಿದೆ. ಈಗ 45 ಎಂಬಿ ಬರುತ್ತಿದೆ. ಪೂರ್ತಿ ವಿಡಿಯೊ ಕಾಲು ಗಂಟೆಯಲ್ಲಿ ಕಾಪಿ ಆಯಿತು. ರಾತ್ರಿ ಅಮ್ಮ ಧಾರೆಯ ಭಾಗವನ್ನೇ ಎರಡು ಸಲ ಹಾಕಿಸಿಕೊಂಡು ನೋಡಿದರು.